ಒಕ್ಕಲು

ಕನ್ನಡದಲ್ಲಿ ‘ಒಕ್ಕಲು’ ಎಂಬ ಮಾತೊಂದಿದೆ. ನೋಡಲು ಚಿಕ್ಕದು, ಅದರ ಒಡಲು ಮಾತ್ರ ದೊಡ್ಡದು. ‘ಆ ಊರಿನಲ್ಲಿ ಎಷ್ಟು ಒಕ್ಕಲಿದೆ?’ ಎಂದು ಕೇಳಿದರೆ, ಎಷ್ಟು ಸಂಸಾರಗಳು ವಾಸವಾಗಿವೆ ಎಂದು ಅರ್ಥ. ಭೂಮಿಯನ್ನು ಉತ್ತು ಬಿತ್ತಿ ಬೆಳೆಯುವ ಕಸುಬು ಒಕ್ಕಲುತನ. ತಲೆಮಾರುಗಳಿಂದ ಒಂದು ದೇವರಿಗೆ ನಡೆದುಕೊಂಡು ಬಂದ ಮನೆತನದವರು ಆ ದೇವರ ಒಕ್ಕಲು. ಹೊಸದಾಗಿ ಕಟ್ಟಿದ ಮನೆಗೆ ವಿಧಿಪೂರ್ವಕವಾಗಿ ಕಾಲಿಡುವುದು ಮನೆ ಒಕ್ಕಲು. ಇದ್ದ ನೆಲೆಯಿಂದ ಜನರನ್ನು ಹೊರಡಿಸುವುದು ಒಕ್ಕಲೆಬ್ಬಿಸುವುದು. ವಾಸ, ಬೇಸಾಯ, ದೇವರು, ಬರುವುದು, ಹೋಗುವುದು ಇಷ್ಟನ್ನೂ ನಮ್ಮ ಹಿರಿಯರು ಒಂದೇ ಮಾತಿನಲ್ಲಿ ಕಟ್ಟಿಟ್ಟರು. ಮನೆ ಬದಲಾಯಿಸುವುದೆಂದರೆ ಸಾಮಾನುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಕೆಲಸವೆಂದು ತಿಳಿದವರು ಈ ಮಾತನ್ನು ಒಂದು ಗಳಿಗೆ ಆಲೋಚಿಸಿ ನೋಡಬೇಕು. ಸಾಗಿಸಲು ಬರುವುದು ಯಾವುದು, ಬಾರದಿರುವುದು ಯಾವುದು ಎಂಬ ಪ್ರಶ್ನೆ ಅದರಲ್ಲಿಯೇ ಅಡಗಿದೆ.

ಹಾಸನ ಜಿಲ್ಲೆಯ ಚನ್ನರಾಯಪಟ್ಟಣವು ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ತಾಲ್ಲೂಕು ಕೇಂದ್ರ. ವರ್ಗವಾಗಿ ಬರುವ ನೌಕರರು, ಮಕ್ಕಳ ವಿದ್ಯಾಭ್ಯಾಸಕ್ಕೆಂದು ಹಳ್ಳಿಯಿಂದ ಬಂದು ಬಾಡಿಗೆಯ ಮನೆ ಹಿಡಿಯುವವರು, ಉದ್ಯೋಗವನ್ನು ಅರಸಿ ಬೆಂಗಳೂರಿನ ಕಡೆಗೆ ಹೊರಡುವವರು ಇಂತಹ ಊರುಗಳಲ್ಲಿ ಎಂದೂ ಇದ್ದೇ ಇರುತ್ತಾರೆ. ಬೇಸಿಗೆಯ ರಜೆ ಮುಗಿದು ಶಾಲೆಗಳು ತೆರೆಯುವ ವೇಳೆಗೆ ಬೀದಿಯಲ್ಲಿ ಮಂಚ, ಹಂಡೆ, ಹಾಸಿಗೆಯ ಸುರುಳಿ, ತುಳಸಿಯ ಕುಂಡಗಳನ್ನು ಹೇರಿಕೊಂಡ ವಾಹನಗಳು ಕಾಣಿಸಿಕೊಳ್ಳುತ್ತವೆ. ಹಿಂದೆ ಅವು ಎತ್ತಿನ ಗಾಡಿಗಳಾಗಿದ್ದವು. ಇಂದು ಸಣ್ಣ ಲಾರಿಗಳಾಗಿವೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಮಾಡಿದವರು ಮನೆ ಬಿಟ್ಟು ನೋಡು ಎಂಬುದನ್ನೂ ಸೇರಿಸಬಹುದಾಗಿತ್ತು. ಹತ್ತು ವರ್ಷ ಕಣ್ಣಿಗೆ ಬೀಳದೆ ಅಟ್ಟದ ಮೇಲಿದ್ದ ಮುರಿದ ಕೊಳಗವೂ ಆ ದಿನ ಕೆಳಗಿಳಿದು ‘ನನ್ನನ್ನೇನು ಮಾಡುವೆ?’ ಎಂದು ಕೇಳುತ್ತದೆ.

ಮನೆ ಬದಲಾಯಿಸಬೇಕೆಂದು ನಿಶ್ಚಯವಾದೊಡನೆ ಬಲ್ಲವರು ಮೊದಲು ಮಾಡುವ ಕೆಲಸ ಒಂದು ಪಟ್ಟಿಯನ್ನು ಬರೆಯುವುದು. ಒಯ್ಯತಕ್ಕವು, ಇತರರಿಗೆ ಕೊಡತಕ್ಕವು, ಬಿಟ್ಟುಬಿಡತಕ್ಕವು ಎಂದು ಮೂರು ಪಾಲು ಮಾಡಿದರೆ ಹೊರೆಯ ಮೂರನೆಯ ಒಂದು ಭಾಗವಾದರೂ ಹಗುರವಾಗುತ್ತದೆ. ಇನ್ನು ಗಾಡಿ ಹೇರುವುದು ಒಂದು ವಿದ್ಯೆಯೇ ಸರಿ. ಒರಳು, ಬೀಸುವ ಕಲ್ಲು, ಕಬ್ಬಿಣದ ಪೆಟ್ಟಿಗೆಗಳು ಕೆಳಗೆ, ಅಚ್ಚಿನ ನೇರಕ್ಕೆ ಬರಬೇಕು. ಗಾಡಿಯು ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳನ್ನು ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಗಾಜಿನ ಸಾಮಾನುಗಳನ್ನು ರಾಗಿಯ ಹುಲ್ಲಿನಲ್ಲಿ ಹುದುಗಿಸಿ ಕಟ್ಟುವುದು ಹಳೆಯ ಉಪಾಯ. ಅದಕ್ಕಿಂತ ಅಗ್ಗವಾದುದು ಈಗಲೂ ದೊರೆಯಲಾರದು. ಉಪ್ಪಿನಕಾಯಿಯ ಜಾಡಿಯನ್ನು ಮಾತ್ರ ಮನೆಯ ಹಿರಿಯಳು ಯಾವ ಗಾಡಿಯನ್ನೂ ನಂಬದೆ ತನ್ನ ತೊಡೆಯ ಮೇಲೆಯೇ ಇರಿಸಿಕೊಳ್ಳುತ್ತಾಳೆ. ಅದರಲ್ಲಿ ತಪ್ಪೇನೂ ಇಲ್ಲ. ಕಾಗದಪತ್ರಗಳೂ ಒಡವೆಗಳೂ ಅದೇ ರೀತಿ ಒಬ್ಬರ ಮೈಮೇಲೆಯೇ ಇರತಕ್ಕವು.

ಹೊಸ ಮನೆಗೆ ಎಲ್ಲಕ್ಕಿಂತ ಮೊದಲು ದೇವರ ಪಟ, ದೀಪದ ಕಂಬ, ತುಂಬಿದ ಕೊಡ, ಅಕ್ಕಿ, ಬೇಳೆ, ಉಪ್ಪು, ಅರಿಸಿನ-ಕುಂಕುಮಗಳನ್ನು ಒಯ್ದು, ದೀಪ ಹಚ್ಚಿ, ಒಲೆ ಹೊತ್ತಿಸಿ, ಹಾಲು ಉಕ್ಕಿಸುವುದು ನಮ್ಮ ಕಡೆಯ ಬಹುಪಾಲು ಮನೆಗಳ ಪದ್ಧತಿ. ಬೇರೆ ಬೇರೆ ಮತದವರಲ್ಲಿ ಈ ಪ್ರವೇಶದ ವಿಧಿ ಬೇರೆ ಬೇರೆಯಾಗಿರುತ್ತದೆ. ಹಾಲು ಉಕ್ಕಿದ ದಿಕ್ಕನ್ನು ನೋಡಿ ಶುಭಾಶುಭವನ್ನು ಹೇಳುವವರ ಮಾತು ಹಾಗಿರಲಿ; ಈ ಪದ್ಧತಿಯಲ್ಲಿ ಒಂದು ಜಾಣತನವಿದೆ. ಹಾಲು ಉಕ್ಕಬೇಕಾದರೆ ಒಲೆ ಸರಿಯಾಗಿರಬೇಕು, ಹೊಗೆ ಹೋಗಲು ದಾರಿಯಿರಬೇಕು, ನೀರು ಎಲ್ಲಿಂದ ಬರುತ್ತದೆಂದು ಗೊತ್ತಾಗಿರಬೇಕು, ಹಾಲು ಕೊಡುವವರು ನೆರೆಯಲ್ಲಿ ಯಾರೆಂದು ತಿಳಿದಿರಬೇಕು. ಮನೆಯು ವಾಸಕ್ಕೆ ಯೋಗ್ಯವೇ ಎಂಬುದನ್ನು ಸಾಮಾನು ಬರುವುದಕ್ಕೆ ಮುಂಚೆಯೇ ಪರೀಕ್ಷಿಸುವ ವಿಧಾನ ಇದು. ಮೊದಲು ಬೇಕಾದುದನ್ನು ಕಡೆಯಲ್ಲಿ ಹೇರಬೇಕೆಂಬ ಪಾಠವೂ ಇದರಿಂದ ತಾನಾಗಿಯೇ ಬರುತ್ತದೆ. ಲಾರಿಯ ಮೂಲೆಯಲ್ಲಿ ಹಾಸಿಗೆಗಳ ಅಡಿಗೆ ಸೇರಿದ ಬೆಂಕಿಪೊಟ್ಟಣವನ್ನು ಇಳಿಸಂಜೆಯಲ್ಲಿ ಹುಡುಕುವವರ ಪಾಡನ್ನು ಕಂಡವರಿಗೆ ಈ ಮಾತಿನ ಬೆಲೆ ತಿಳಿದೀತು.

ಇಷ್ಟು ಪೇಟೆಯ ಮಾತಾಯಿತು. ಬೇಸಾಯದ ಮನೆಯೊಂದು ನೆಲೆ ಬದಲಿಸಬೇಕಾಗಿ ಬಂದರೆ ಲೆಕ್ಕ ಬೇರೆ. ಹಳೆಯ ಮೈಸೂರು ಸೀಮೆಯಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಗಟ್ಟಿಯಾದ, ನೀರು ಒಸರದ ನೆಲವನ್ನು ಆರಿಸಿ, ಬಾಯಿ ಕಿರಿದಾಗಿಯೂ ಒಳಗೆ ವಿಶಾಲವಾಗಿಯೂ ಇರುವಂತೆ ಗುಳಿ ತೋಡಿ, ಸುತ್ತ ಹುಲ್ಲು ಕೊಟ್ಟು, ರಾಗಿ ಸುರಿದು, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಧಾನ್ಯವು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಬರಗಾಲಕ್ಕೆ ಅದೇ ಆಸರೆ. ಹಗೇವಿನ ಬಾಯಿ ತೆರೆದೊಡನೆ ಯಾರೂ ಒಳಗಿಳಿಯುವಂತಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ. ಉಸಿರು ಕಟ್ಟಿ ಪ್ರಾಣ ಹೋಗುವ ಭಯವಿದೆ. ಬಹಳ ಹೊತ್ತು ತೆರೆದಿಟ್ಟು, ದೀಪವನ್ನು ಇಳಿಬಿಟ್ಟು ಅದು ಆರದೆ ಉರಿಯುವುದನ್ನು ಕಂಡ ಮೇಲೆಯೇ ಇಳಿಯಬೇಕು. ಒಳಗಿನ ರಾಗಿಯನ್ನು ಗಾಡಿಗೆ ಹೇರಬಹುದು, ಹಗೇವನ್ನು ಹೇರಲಾಗದು. ಹೋದ ಊರಿನ ನೆಲ ಅಂತಹ ಗುಳಿಗೆ ತಕ್ಕುದೋ ಅಲ್ಲವೋ ಯಾರು ಬಲ್ಲರು? ಬಾವಿಯ ಮಾತೂ ಹೀಗೆಯೇ. ಹಿತ್ತಿಲ ತೆಂಗಿನ ಮಾತೂ ಹೀಗೆಯೇ. ಸಸಿ ನೆಟ್ಟವನು ಐದಾರು ವರ್ಷ ಕಾದು ಮೊದಲ ಕಾಯಿ ಕಂಡಿರುತ್ತಾನೆ. ಹೊಸ ನೆಲೆಯಲ್ಲಿ ಆ ಐದಾರು ವರ್ಷಗಳನ್ನು ಮತ್ತೆ ಮೊದಲಿನಿಂದ ಎಣಿಸಬೇಕು.

ದನಕರುಗಳು ನಡೆದೇ ಬರುತ್ತವೆ. ಆದುದರಿಂದ ಅವುಗಳ ಯೋಚನೆ ಸುಲಭವೆಂದು ತೋರಬಹುದು. ಆದರೆ ಹೊಸ ಕೊಟ್ಟಿಗೆಯಲ್ಲಿ ಕಟ್ಟಿದ ಹಸು ಕಣ್ಣಿ ಕಿತ್ತುಕೊಂಡು ಹಳೆಯ ಊರಿನ ದಾರಿ ಹಿಡಿಯುವುದುಂಟು. ಬಿಸಿಲು ಏರುವ ಮೊದಲೇ ಹೊಡೆದುಕೊಂಡು ಹೋಗಿ, ಕೆಲವು ದಿನ ಬಿಡದೆ ಕಟ್ಟಿ, ಹಳೆಯ ಮೇವನ್ನೇ ಹಾಕಿ ಪಳಗಿಸಬೇಕಾಗುತ್ತದೆ. ಹೀಗಾಗಿ ಮೇವಿನ ಮೆದೆಯೂ ಜೊತೆಗೆ ಹೋಗಬೇಕು. ಮೆದೆಯನ್ನು ಬಿಚ್ಚಿ ಸಾಗಿಸಲು ಒಣಹವೆ ಬೇಕು. ಸುಗ್ಗಿ ಮುಗಿದು, ಕಾಳು ಮನೆ ಸೇರಿ, ಮುಂಗಾರಿಗೆ ಇನ್ನೂ ಸಮಯವಿರುವಾಗ ಹೊರಡುವುದೇ ರೈತನ ಪಾಲಿಗೆ ಸರಿಯಾದ ಕಾಲ. ಆಷಾಢದಲ್ಲಿ ಮನೆ ಒಕ್ಕಲು ಆಗಬಾರದೆಂಬ ಕಟ್ಟಳೆಗೆ ಪಂಚಾಂಗದ ಕಾರಣ ಏನೇ ಇರಲಿ, ಮಳೆಯಲ್ಲಿ ನೆನೆದ ಹುಲ್ಲು, ಕೆಸರಿನಲ್ಲಿ ಹೂತ ಗಾಡಿಯ ಚಕ್ರ, ಬಿತ್ತನೆಗೆ ಹದವಾಗಿ ಕಾದಿರುವ ಹೊಲ ಇವುಗಳನ್ನು ನೆನೆದರೆ ಅದರ ಒಳಮರ್ಮ ಹೊಳೆಯುತ್ತದೆ.

ಇಲ್ಲಿಯವರೆಗೆ ಹೇಳಿದುದೆಲ್ಲ ತಮ್ಮ ಇಚ್ಛೆಯಿಂದಲೋ ಉದ್ಯೋಗದ ನಿಮಿತ್ತವಾಗಿಯೋ ಹೊರಡುವವರ ಸಂಗತಿ. ಅವರು ಬಿಟ್ಟುಬಂದ ಊರು ಅಲ್ಲಿಯೇ ಇರುತ್ತದೆ. ಜಾತ್ರೆಗೆ ಹೋಗಬಹುದು, ಮರೆತ ಒನಕೆಯನ್ನು ಇನ್ನೊಮ್ಮೆ ಹೋಗಿ ತರಬಹುದು, ಸರಿಬಾರದಿದ್ದರೆ ಹಿಂತಿರುಗಿಯೂ ಬಿಡಬಹುದು. ಒಂದು ಊರಿಗೆ ಊರೇ ಹೊರಡಬೇಕಾಗಿ ಬಂದು, ಹಿಂದೆ ಏನೂ ಉಳಿಯದಿದ್ದರೆ? ಅಂತಹ ಸಂದರ್ಭವು ಇದೇ ಹಾಸನ ಜಿಲ್ಲೆಯಲ್ಲಿ ನಮ್ಮ ಹಿಂದಿನ ತಲೆಮಾರಿನವರಿಗೆ ಒದಗಿತು.

ಹೇಮಾವತಿಯು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಬಳಿ ಹುಟ್ಟಿ, ಸಕಲೇಶಪುರವನ್ನು ಹಾದು, ಹಾಸನ ತಾಲ್ಲೂಕಿನ ಗೊರೂರಿಗೆ ಬಂದು, ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು, ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುವ ನದಿ. ಅದರ ಉದ್ದ ಸುಮಾರು 245 ಕಿಲೋಮೀಟರು. ಗೊರೂರೆಂದರೆ ಕನ್ನಡಿಗರಿಗೆ ಗೊರೂರು ರಾಮಸ್ವಾಮಿ ಅಯ್ಯಂಗಾರರ (1904–1991) ನೆನಪು ಬರುತ್ತದೆ. ಈ ಹೊಳೆಯ ದಂಡೆಯ ಹಳ್ಳಿಗಳ ಬಾಳನ್ನು ಅವರಷ್ಟು ಪ್ರೀತಿಯಿಂದ ಬರೆದವರು ವಿರಳ. ಆ ಗೊರೂರಿನ ಬಳಿಯೇ ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2922 ಅಡಿ. ಅದರಲ್ಲಿ ಹಿಡಿಯುವ ನೀರು 37 ಟಿ.ಎಂ.ಸಿ.ಗಿಂತ ಸ್ವಲ್ಪ ಹೆಚ್ಚು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಇಷ್ಟು ನೀರು ನಿಲ್ಲಲು ಬೇಕಾದ ಜಾಗದಲ್ಲಿ ಗದ್ದೆಗಳಿದ್ದವು, ತೋಟಗಳಿದ್ದವು, ದೇವಸ್ಥಾನಗಳಿದ್ದವು, ಊರುಗಳಿದ್ದವು.

ಹಾಸನ ಜಿಲ್ಲೆಯ ಪಡುವಣ ಭಾಗ ಮಲೆನಾಡು. ಅಲ್ಲಿ ಮುಂಗಾರಿನ ಮಳೆ ಬಿರುಸಾಗಿ ಸುರಿಯುತ್ತದೆ. ಮೂಡಣ ಭಾಗವಾದ ಚನ್ನರಾಯಪಟ್ಟಣದ ಸೀಮೆ ಬಯಲು. ಅಲ್ಲಿ ಕೆರೆ ತುಂಬಿದರೆ ಬದುಕು, ತುಂಬದಿದ್ದರೆ ಬವಣೆ. ಪಡುವಣದ ನೀರನ್ನು ಹಿಡಿದಿಟ್ಟು ಮೂಡಣಕ್ಕೆ ಹರಿಸುವುದೇ ಈ ಯೋಜನೆಯ ಉದ್ದೇಶ. ಆದುದರಿಂದ ಮುಳುಗಡೆಯ ಹಳ್ಳಿಗಳವರು ಎದುರಿಸಬೇಕಾದುದು ಕಾಲದ ಪ್ರಶ್ನೆಯನ್ನು. ಸಕಲೇಶಪುರದ ಮೇಲೆ ಮಳೆ ಹಿಡಿಯಿತೆಂದರೆ ಜಲಾಶಯ ಏರುತ್ತದೆ. ಅದು ಯಾರ ಬಣವೆಗೂ ಕಾಯುವುದಿಲ್ಲ. ಸುಗ್ಗಿ ಮುಗಿದ ದಿನದಿಂದ ಮುಂಗಾರಿನ ತನಕ ಇರುವ ನಾಲ್ಕೈದು ತಿಂಗಳಲ್ಲಿ ಹೊಸ ನೆಲೆ ನೋಡಬೇಕು, ಅಲ್ಲಿ ಸೂರು ಕಟ್ಟಬೇಕು, ಇಲ್ಲಿಯ ಸೂರನ್ನು ಬಿಚ್ಚಬೇಕು.

ಬಿಚ್ಚುವುದೆಂದು ಬೇಕೆಂದೇ ಹೇಳಿದೆ. ಮುಳುಗಡೆಯ ಊರುಗಳಲ್ಲಿ ಮನೆಯೂ ಸಾಮಾನಿನ ಪಟ್ಟಿಗೆ ಸೇರುತ್ತದೆ. ತೊಲೆ, ಕಂಬ, ಬಾಗಿಲುವಾಡ, ಕಿಟಕಿ, ಹೆಂಚು ಎಲ್ಲವನ್ನೂ ಇಳಿಸಿ ಒಯ್ಯುವುದು ನಾಡಿನ ಎಲ್ಲ ಜಲಾಶಯಗಳ ಹಿಂದಿನ ಕಥೆಯಲ್ಲಿಯೂ ಬರುವ ಸಂಗತಿ. ಹೆಂಚನ್ನು ಮೇಲಿನ ಸಾಲಿನಿಂದ ಕೆಳಕ್ಕೆ ಬಿಚ್ಚಬೇಕು. ತೊಲೆಗಳಿಗೆ ಗುರುತು ಹಾಕದೆ ಇಳಿಸಿದರೆ ಮತ್ತೆ ಕೂಡಿಸುವಾಗ ಬಡಗಿಗೆ ತಲೆನೋವು. ಮಣ್ಣಿನ ಗೋಡೆ ಮಾತ್ರ ನಿಂತಲ್ಲಿಯೇ ನಿಲ್ಲುತ್ತದೆ. ನೀರು ಬಂದು ತಾಗಿದಾಗ ಅದು ಕರಗಿ ನೆಲಕ್ಕೆ ಸೇರುತ್ತದೆ.

ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ ಕರಗದೆ ಉಳಿದ ಕಟ್ಟಡವೊಂದಿದೆ. 19ನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಪಾದ್ರಿಗಳು ಕಟ್ಟಿಸಿದ ಎತ್ತರವಾದ ಇಗರ್ಜಿ ಅದು. ಊರಿನ ಜನ ಹೊರಟುಹೋದರು, ಇಗರ್ಜಿ ನಿಂತಿತು. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಅದು ಅರ್ಧಕ್ಕೂ ಹೆಚ್ಚು ಮುಳುಗಿರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಚಾವಣಿಯಿಲ್ಲದ ಕಮಾನುಗಳು ಒಣನೆಲದ ಮೇಲೆ ನಿಲ್ಲುತ್ತವೆ. ದೂರದ ಊರುಗಳಿಂದ ಜನರು ಅದನ್ನು ನೋಡಲು ಬರುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ. ನೋಟ ರಮ್ಯವೆಂಬುದರಲ್ಲಿ ಸಂದೇಹವಿಲ್ಲ. ಅಲ್ಲಿ ನಿಂತವರು ಕಮಾನಿನಿಂದ ಕಣ್ಣು ತೆಗೆದು ಸುತ್ತಲಿನ ನೆಲವನ್ನೂ ಒಮ್ಮೆ ನೋಡುವುದು ಒಳ್ಳೆಯದು. ಇಗರ್ಜಿ ಇದ್ದ ಕಡೆ ಅದಕ್ಕೆ ಬರುತ್ತಿದ್ದ ಜನರ ಮನೆಗಳೂ ಇದ್ದಿರಬೇಕಷ್ಟೆ.

ಊರು ಬಿಟ್ಟವರಿಗೆ ಸರ್ಕಾರ ಪರಿಹಾರ ಕೊಡುತ್ತಿದ್ದುದು 1894ರ ಭೂಸ್ವಾಧೀನ ಕಾಯಿದೆಯ ಮೇರೆಗೆ. ಬ್ರಿಟಿಷರ ಕಾಲದ ಆ ಕಾಯಿದೆಯು ಜಮೀನಿನ ಮಾರುಕಟ್ಟೆಯ ಬೆಲೆ, ನಿಂತ ಪೈರು, ಮರಗಿಡ ಇವುಗಳನ್ನು ಲೆಕ್ಕ ಹಾಕುತ್ತಿತ್ತು. ಒಡೆಯನ ಒಪ್ಪಿಗೆಯಿಲ್ಲದೆ ಜಮೀನು ತೆಗೆದುಕೊಳ್ಳುತ್ತಿದ್ದುದರಿಂದ ಅದರ ಮೇಲೆ ನೂರಕ್ಕೆ 15ರಷ್ಟು ಹೆಚ್ಚಿನ ಹಣವನ್ನು ಸೇರಿಸುತ್ತಿದ್ದರು. 1984ರ ತಿದ್ದುಪಡಿಯಿಂದ ಅದು ನೂರಕ್ಕೆ 30 ಆಯಿತು. ಇದರ 23ನೆಯ ಕಲಮಿನಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಮಾತೊಂದಿತ್ತು: ಸ್ವಾಧೀನದ ಕಾರಣದಿಂದ ಒಬ್ಬನು ವಾಸದ ಮನೆಯನ್ನು ಬದಲಾಯಿಸಬೇಕಾಗಿ ಬಂದರೆ, ಆ ಬದಲಾವಣೆಗೆ ತಗಲುವ ನ್ಯಾಯವಾದ ವೆಚ್ಚವನ್ನೂ ಪರಿಹಾರದಲ್ಲಿ ಸೇರಿಸಬೇಕು. ಗಾಡಿಯ ಬಾಡಿಗೆಯನ್ನು ಕಾನೂನು ಮರೆತಿರಲಿಲ್ಲ ಎಂದಾಯಿತು. ಅದರ ಮಗ್ಗುಲಿನಲ್ಲಿಯೇ, 24ನೆಯ ಕಲಮಿನಲ್ಲಿ, ಲೆಕ್ಕಕ್ಕೆ ತೆಗೆದುಕೊಳ್ಳಬಾರದ ಸಂಗತಿಗಳ ಪಟ್ಟಿಯೂ ಇತ್ತು. ಜಮೀನನ್ನು ಬಿಟ್ಟುಕೊಡಲು ಅದರ ಒಡೆಯನಿಗೆ ಮನಸ್ಸಿಲ್ಲದಿರುವಿಕೆ ಆ ಪಟ್ಟಿಯ ಎರಡನೆಯ ಬಾಬು.

ಇದನ್ನು ಓದಿದಾಗ ಕಾಯಿದೆ ಬರೆದವರು ಕಟುಕರೆಂದು ತೋರುವುದು ಸಹಜ. ಮನಸ್ಸಿಲ್ಲದಿರುವಿಕೆಗೆ ಯಾವ ನ್ಯಾಯಾಧೀಶನೂ ರೂಪಾಯಿಯಲ್ಲಿ ಬೆಲೆ ಕಟ್ಟಲಾರನೆಂಬುದನ್ನೂ ಒಪ್ಪಿಕೊಳ್ಳಬೇಕು. ನಿಜವಾದ ಕೊರತೆಯಿದ್ದುದು ಬೇರೆಡೆಯಲ್ಲಿ. ಹಳ್ಳಿಯೊಂದರಲ್ಲಿ ಜಮೀನಿನ ಒಡೆಯರಷ್ಟೇ ಇರುವುದಿಲ್ಲ. ಕಂಬಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ ಇವರು ವರ್ಷವಿಡೀ ದುಡಿದು ಸುಗ್ಗಿಯ ಕಣದಲ್ಲಿ ಆಯ ಪಡೆಯುವವರು. ಕೂಲಿಗೆ ಹೋಗಿ ಹೊಟ್ಟೆ ಹೊರೆಯುವವರು ಇನ್ನೂ ಹೆಚ್ಚು ಮಂದಿ. ಇವರ ಆಸ್ತಿ ಎಂದರೆ ಇವರನ್ನು ಬಲ್ಲ ಐವತ್ತು ಅರವತ್ತು ಮನೆಗಳು. ಊರು ಚದುರಿ ಹತ್ತು ದಿಕ್ಕಿಗೆ ಹೋದರೆ ಆ ಮನೆಗಳೂ ಚದುರುತ್ತವೆ. ಜಮೀನಿನ ದಾಖಲೆಯಲ್ಲಿ ಹೆಸರಿಲ್ಲದವನಿಗೆ ಜಮೀನಿನ ಬೆಲೆ ಬರುವಂತಿಲ್ಲ. ಗೋಮಾಳದಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಗೋಮಾಳ ತನ್ನದೆಂದು ತೋರಿಸಲು ಚೂರು ಕಾಗದವೂ ಇರಲಿಲ್ಲ. ಹಣ ಬಂದ ಮನೆಗಳಲ್ಲಿಯೂ ಅದು ಬಂದುದು ಸಾಮಾನ್ಯವಾಗಿ ಯಜಮಾನನ ಕೈಗೆ. ಹಿತ್ತಿಲಿನ ಸೊಪ್ಪು, ಎಮ್ಮೆಯ ಹಾಲು, ಕೋಳಿಯ ಮೊಟ್ಟೆಗಳಿಂದ ಹೆಂಗಸರು ನಡೆಸುತ್ತಿದ್ದ ಸಣ್ಣ ಸಂಪಾದನೆಯನ್ನು ಎಣಿಸಲು ಯಾವ ಅಧಿಕಾರಿಯೂ ಬರಲಿಲ್ಲ. ಭೂಮಿಗೆ ಬದಲಾಗಿ ಬಂದ ನಗದು, ಭೂಮಿಯಂತೆ ನಿಂತಲ್ಲಿ ನಿಲ್ಲುವ ವಸ್ತುವಲ್ಲ. ಮದುವೆಗೆ, ಸಾಲಕ್ಕೆ, ಕಾಯಿಲೆಗೆ ಕರಗಿಹೋಗುತ್ತದೆ.

ಊರು ಸಾಗಿಸುವ ಕೆಲಸದಲ್ಲಿ ಮನುಷ್ಯರಿಗಿಂತ ಕಲ್ಲುಗಳಿಗೆ ಕೆಲವೊಮ್ಮೆ ಹೆಚ್ಚಿನ ಯೋಜನೆ ದೊರೆತುದುಂಟು. ಹೇಮಾವತಿಯು ಕಾವೇರಿಯನ್ನು ಸೇರುವ ಕೃಷ್ಣರಾಜಸಾಗರದ ನಿರ್ಮಾಣ ಆರಂಭವಾದುದು 1911ರಲ್ಲಿ. ಕನ್ನಂಬಾಡಿ ಎಂಬ ಊರು ಅದರಲ್ಲಿ ಮುಳುಗಿತು. ಅಲ್ಲಿದ್ದ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವೂ ಮುಳುಗಿತು. ಬರಗಾಲದ ವರ್ಷಗಳಲ್ಲಿ ನೀರು ಇಳಿದಾಗ ತಲೆಯೆತ್ತುತ್ತಿದ್ದ ಆ ದೇವಾಲಯವನ್ನು ಇತ್ತೀಚಿನ ದಶಕಗಳಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ, ಹೊಸ ಕನ್ನಂಬಾಡಿಯ ಬಳಿ ಎತ್ತರದ ದಂಡೆಯಲ್ಲಿ ಮತ್ತೆ ಕಟ್ಟಿ ನಿಲ್ಲಿಸಲಾಗಿದೆ. ಈಜಿಪ್ಟಿನಲ್ಲಿ ನೈಲ್ ನದಿಗೆ ಆಸ್ವಾನಿನ ಎತ್ತರದ ಅಣೆಕಟ್ಟನ್ನು ಕಟ್ಟುವಾಗ ಅಬು ಸಿಂಬೆಲ್ಲಿನ ಬೃಹತ್ ಶಿಲಾದೇಗುಲಗಳನ್ನು 1964ರಿಂದ 1968ರವರೆಗೆ ತುಂಡು ತುಂಡಾಗಿ ಕೊಯ್ದು, ಸುಮಾರು 65 ಮೀಟರು ಮೇಲಕ್ಕೆ ಸಾಗಿಸಿ, ಮೊದಲಿದ್ದಂತೆಯೇ ಜೋಡಿಸಿದರು. ಜಗತ್ತಿನ ಹಲವು ದೇಶಗಳು ಅದಕ್ಕೆ ಹಣ ಕೊಟ್ಟವು. ಅದೇ ನೀರಿನಿಂದಾಗಿ ನೂಬಿಯಾದ ಸಾವಿರಾರು ಸಂಸಾರಗಳು ನದಿಯ ದಂಡೆಯ ತಮ್ಮ ಊರುಗಳನ್ನು ಬಿಟ್ಟು ದೂರದ ಕೋಮ್ ಓಂಬೋ ಎಂಬ ಕಡೆಗೆ ಹೋದವು. ದೇಗುಲ ಉಳಿಯಬಾರದಿತ್ತೆಂದು ಯಾರೂ ಹೇಳರು. ಕಲ್ಲಿಗೆ ಗುರುತು ಹಾಕಿ, ಯಾವುದರ ಪಕ್ಕದಲ್ಲಿ ಯಾವುದಿತ್ತೆಂದು ಬರೆದಿಟ್ಟುಕೊಂಡು ಮತ್ತೆ ಕೂಡಿಸುವ ಶ್ರದ್ಧೆಯನ್ನು ಒಂದು ಬೀದಿಯ ಮನೆಗಳ ವಿಷಯದಲ್ಲಿಯೂ ತೋರಿಸಬಹುದಲ್ಲವೇ? ಯಾರ ಮನೆಯ ಪಕ್ಕದಲ್ಲಿ ಯಾರ ಮನೆಯಿತ್ತು ಎಂಬುದು ಊರಿನ ಪಾಲಿಗೆ ಸಣ್ಣ ಸಂಗತಿಯಲ್ಲ. ಹೆರಿಗೆಯ ರಾತ್ರಿಯಲ್ಲಿ ಬಾಗಿಲು ತಟ್ಟುವುದು ಪಕ್ಕದ ಮನೆಯದನ್ನೇ.

ಈ ಕೊರತೆಗಳನ್ನು ತಿದ್ದಬೇಕೆಂಬ ಕೂಗು ದೇಶದ ಹಲವು ನದಿಗಳ ದಂಡೆಯಿಂದ ಎದ್ದಿತು. ನಮ್ಮ ನಾಡಿನಲ್ಲಿಯೇ ಆಲಮಟ್ಟಿಯ ಜಲಾಶಯಕ್ಕಾಗಿ ಬಾಗಲಕೋಟೆಯಂತಹ ದೊಡ್ಡ ಪಟ್ಟಣದ ಒಂದು ಭಾಗವೇ ನೀರಿಗೆ ಬಿಟ್ಟುಕೊಟ್ಟು, ನವನಗರವೆಂಬ ಹೊಸ ಪಟ್ಟಣವನ್ನು ಕಟ್ಟಬೇಕಾಯಿತು. ಕೊನೆಗೆ 1894ರ ಕಾಯಿದೆಯ ಸ್ಥಾನದಲ್ಲಿ ಹೊಸ ಕಾಯಿದೆಯೊಂದು 2013ರಲ್ಲಿ ರಚಿತವಾಗಿ 2014ರ ಜನವರಿ 1ರಿಂದ ಜಾರಿಗೆ ಬಂದಿತು. ಅದರ ಪ್ರಕಾರ ಸ್ವಂತ ಜಮೀನಿಲ್ಲದಿದ್ದರೂ ಮೂರು ವರ್ಷಗಳಿಂದ ಅಲ್ಲಿ ದುಡಿದು ಬದುಕುತ್ತಿದ್ದ ಕೂಲಿಕಾರರು, ಗೇಣಿದಾರರು, ಕುಶಲಕರ್ಮಿಗಳು ಕೂಡ ಬಾಧಿತ ಕುಟುಂಬಗಳೆನಿಸುತ್ತಾರೆ. ನೀರಾವರಿಯ ಯೋಜನೆಗಳಲ್ಲಿ ಪುನರ್ವಸತಿಯ ಕೆಲಸವು ಮುಳುಗಡೆಗೆ ಆರು ತಿಂಗಳು ಮೊದಲೇ ಮುಗಿದಿರಬೇಕು. ಸಂಸಾರ, ಕಟ್ಟಡದ ಸಾಮಗ್ರಿ, ಸಾಮಾನು, ದನಕರು ಇವುಗಳನ್ನು ಸಾಗಿಸಲು ಪ್ರತಿ ಕುಟುಂಬಕ್ಕೆ 50,000 ರೂಪಾಯಿ ಕೊಡಬೇಕೆಂದು ಕಾಯಿದೆಯ ಎರಡನೆಯ ಅನುಸೂಚಿ ಹೇಳುತ್ತದೆ. ಮೂರನೆಯ ಅನುಸೂಚಿಯು ಹೊಸ ಊರಿನಲ್ಲಿ ಇರಲೇಬೇಕಾದುವನ್ನು ಒಂದೊಂದಾಗಿ ಹೆಸರಿಸುತ್ತದೆ: ರಸ್ತೆ, ಚರಂಡಿ, ಕುಡಿಯುವ ನೀರು, ದನಗಳಿಗೆ ಬೇರೆಯಾಗಿ ನೀರು, ಹುಲ್ಲುಗಾವಲು, ನ್ಯಾಯಬೆಲೆಯ ಅಂಗಡಿ, ಅಂಚೆಯ ಕಚೇರಿ, ಶಾಲೆ, ಮಕ್ಕಳ ಆಟದ ಬಯಲು, ಸ್ಮಶಾನ, ದೇವರ ಸ್ಥಾನ; ಇವುಗಳ ಜೊತೆಗೆ ಪ್ರತಿ 50 ಕುಟುಂಬಗಳಿಗೆ ಕೂಡಿ ಕುಳಿತುಕೊಳ್ಳಲು ಮರದ ಕಟ್ಟೆ. ದೆಹಲಿಯಲ್ಲಿ ಕುಳಿತು ಕಾಯಿದೆ ಬರೆದವರಿಗೆ ಅರಳಿಕಟ್ಟೆ ನೆನಪಾದುದು ಒಂದು ಸಮಾಧಾನ. ಕಟ್ಟೆಯನ್ನು ಕಟ್ಟಬಹುದು; ಅರಳಿ ಬೆಳೆದು ನೆರಳು ಕೊಡುವುದಕ್ಕೆ ಇನ್ನೊಂದು ತಲೆಮಾರು ಕಾಯಬೇಕು.

ಹೊರಡುವ ಸಂಸಾರವು ಊರಿನ ಸಲುವಾಗಿ ಹೊರಡಲಿ, ವರ್ಗದ ಆಜ್ಞೆಯಿಂದ ಹೊರಡಲಿ, ಕಾಗದಗಳ ಗಂಟನ್ನು ಕುರಿತು ಎರಡು ಮಾತು ಹೇಳದಿದ್ದರೆ ಈ ವಿಷಯ ಅಪೂರ್ಣವಾಗುತ್ತದೆ. ಪಹಣಿ, ಖಾತೆ, ಕಂದಾಯದ ರಸೀದಿ, ಪಡಿತರ ಚೀಟಿ, ಜಾತಿ ಮತ್ತು ಜನನದ ಪ್ರಮಾಣಪತ್ರಗಳು ಒಂದು ಹಳೆಯ ತಗಡಿನ ಪೆಟ್ಟಿಗೆಯಲ್ಲಿ ಹಿಡಿಯುವಷ್ಟೇ ಇರುತ್ತವೆ. ಅವು ಕಳೆದರೆ ಅವನ್ನು ಮತ್ತೆ ಪಡೆಯಲು ತಾಲ್ಲೂಕು ಕಚೇರಿಯ ಮೆಟ್ಟಿಲನ್ನು ಎಷ್ಟು ಸಲ ಹತ್ತಬೇಕೆಂಬುದನ್ನು ಅನುಭವಿಗಳೇ ಹೇಳಬೇಕು. ಮತದಾರರ ಪಟ್ಟಿಯಲ್ಲಿ ವಿಳಾಸವನ್ನು ಬದಲಾಯಿಸಿಕೊಳ್ಳಲು 8ನೆಯ ನಮೂನೆಯ ಅರ್ಜಿ ಕೊಡಬೇಕು. ಮಕ್ಕಳಿಗೆ ಮುಖ್ಯವಾದುದು ಶಾಲೆಯ ವರ್ಗಾವಣೆ ಪತ್ರ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಅನ್ವಯಿಸುತ್ತದೆ. ಕೇಳಿದ ಕೂಡಲೇ ಮುಖ್ಯೋಪಾಧ್ಯಾಯರು ಆ ಪತ್ರವನ್ನು ಕೊಡಬೇಕೆಂದೂ, ಪತ್ರ ತರುವುದು ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯವರು ಮಗುವನ್ನು ಸೇರಿಸಿಕೊಳ್ಳಲು ತಡಮಾಡಬಾರದೆಂದೂ ಅದು ವಿಧಿಸಿದೆ. ತಂಗಿ ತಮ್ಮಂದಿರಿರುವವರು ಇದನ್ನು ತಿಳಿದಿರುವುದು ಲೇಸು. ಅಕ್ಷರ ಬಲ್ಲವರು ಮನೆಯಲ್ಲಿ ನೀವೊಬ್ಬರೇ ಆಗಿದ್ದರೆ ಈ ಗಂಟಿನ ಹೊಣೆ ನಿಮ್ಮದೇ ಎಂದು ತಿಳಿಯಿರಿ.

ಹೇಮಾವತಿಯ ನೀರು ಇಂದು ಎಡದಂಡೆಯ ಕಾಲುವೆಯಲ್ಲಿ ಹರಿದು ಚನ್ನರಾಯಪಟ್ಟಣದ ಸೀಮೆಗೆ ಬರುತ್ತದೆ. ಅಲ್ಲಿಂದ ಮುಂದೆ ಬಾಗೂರು ಮತ್ತು ನವಿಲೆಯ ನಡುವೆ ನೆಲದ ಅಡಿಯಲ್ಲಿ ಕೊರೆದ ಸುರಂಗದಲ್ಲಿ ನುಸುಳಿ ತುಮಕೂರಿನ ಕಡೆಗೆ ಸಾಗುತ್ತದೆ. ಕಾಲುವೆಯ ನೀರು ಬಂದ ವರ್ಷ ಕೆರೆಯ ಹಿಂದಿನ ಗದ್ದೆಗಳು ಹಸುರಾಗುತ್ತವೆ, ತೆಂಗಿನ ಗರಿಗಳಿಗೆ ಜೀವ ಬರುತ್ತದೆ. ಆ ನೀರಿಗಾಗಿ ಸತ್ಯಾಗ್ರಹ ಹೂಡುವ ಕೆಳಗಿನ ರೈತರದು ನ್ಯಾಯವಾದ ಹಸಿವು. ಅದಕ್ಕೆ ಎಡೆಮಾಡಿಕೊಟ್ಟವರು ಮೇಲಿನ ದಂಡೆಯ ಒಕ್ಕಲುಗಳು. ಇವರಿಬ್ಬರೂ ಪರಸ್ಪರ ಮುಖ ನೋಡಿದವರಲ್ಲ.

ಕಂದಾಯ ಇಲಾಖೆಯ ಲೆಕ್ಕದಲ್ಲಿ, ಹೆಸರೂ ಎಲ್ಲೆಯೂ ಇದ್ದು ವಾಸದ ಮನೆಗಳಿಲ್ಲದ ಊರುಗಳಿಗೆ ಬೇಚರಾಕ್ ಗ್ರಾಮಗಳೆಂದು ಕರೆಯುತ್ತಾರೆ. ಪಿಡುಗಿನಿಂದ ಹಾಳಾದವು, ನೀರಿಲ್ಲದೆ ಬಿಟ್ಟುಹೋದವು, ಇನ್ನಾವುದೋ ಕಾರಣಕ್ಕೆ ಒಕ್ಕಲು ಎದ್ದುಹೋದವು ಹೀಗೆ ಅವುಗಳ ಕಥೆ ಹಲವು ಬಗೆ. ಆ ಮಾತು ಬಂದುದು ಪಾರಸಿಯಿಂದ. ಅಲ್ಲಿ ‘ಬೇ’ ಎಂದರೆ ಇಲ್ಲದ್ದು, ‘ಚಿರಾಗ್’ ಎಂದರೆ ದೀಪ. ಹೊಸ ಮನೆಗೆ ಮೊದಲು ದೀಪವನ್ನು ಒಯ್ಯುವವರ ನಾಡಿನಲ್ಲಿ, ಜನರಿಲ್ಲದ ಊರನ್ನು ಶ್ಯಾನುಭೋಗರ ಕಡತವು ದೀಪವಿಲ್ಲದ ಊರೆಂದೇ ಬರೆದುಕೊಂಡಿತು.